ಓದುಗರ ಪ್ರಶ್ನೆ, ನಮ್ಮ ಉತ್ತರ: ಉದಯಪುರದ ಕಲೆಗಳನ್ನು ಎಲ್ಲಿ, ಯಾವಾಗ ನೋಡಬೇಕು?

ಪ್ರಶ್ನೆ: ಮೈಸೂರಿನಿಂದ ಉದಯಪುರಕ್ಕೆ ವಾರಕ್ಕೊಮ್ಮೆ ಹೊರಡುವ ಹಮ್‌ಸಫರ್ ರೈಲಿನಲ್ಲಿ ಹೋಗಿ, ಅಲ್ಲಿ ಒಂದು ವಾರ ಇರಬೇಕೆಂದು ನಾವು ದಂಪತಿಗಳು ಯೋಚಿಸಿದ್ದೇವೆ. ಅರಮನೆ, ದೋಣಿ ವಿಹಾರ, ಸಂಜೆಯ ನೃತ್ಯ ಎಂದು ಎಲ್ಲರೂ ಹೇಳುತ್ತಾರೆ. ಆ ಊರಿನ ಕಲಾಜೀವನವನ್ನು ಸರಿಯಾಗಿ ತಿಳಿಯಲು ಏನು ಮಾಡಬೇಕು? ಯಾವ ತಿಂಗಳು ಒಳ್ಳೆಯದು?
– ಓದುಗರೊಬ್ಬರು, ಮೈಸೂರು

ಉತ್ತರ: ಹೊರಡುವ ತಿಂಗಳನ್ನೇ ಮೊದಲು ಯೋಚಿಸಿ ನಿಶ್ಚಯಿಸಿ. ಉದಯಪುರ ಸೀಮೆಯ ಸ್ವಂತ ಕಲೆಗಳೆನ್ನಬಹುದಾದವು ಬಹುಮಟ್ಟಿಗೆ ವ್ರತ, ಹಬ್ಬ, ಪೂಜೆಗಳೊಂದಿಗೆ ಹೆಣೆದುಕೊಂಡಿವೆ. ಪ್ರವಾಸಿಗರು ಬಂದ ದಿನ ಅವು ನಡೆಯುವುದಿಲ್ಲ. ಪಿಚೋಲಾ ಕೆರೆಯ ದಂಡೆಯಲ್ಲಿರುವ ಬಾಗೋರ್ ಕೀ ಹವೇಲಿ ಎಂಬ ಹಳೆಯ ಮಹಲಿನ ಸಂಜೆಯ ನೃತ್ಯ ಕಾರ್ಯಕ್ರಮವನ್ನು ಖಂಡಿತ ನೋಡಿ. 18ನೆಯ ಶತಮಾನದಲ್ಲಿ, ಉದಯಪುರ ರಾಜಧಾನಿಯಾಗಿದ್ದ ಮೇವಾಡ ರಾಜ್ಯದ ಪ್ರಧಾನಿಯಾಗಿದ್ದ ಅಮರಚಂದ್ ಬಡವಾ ಕಟ್ಟಿಸಿದ ಆ ಹವೇಲಿ ಈಗ ಪಶ್ಚಿಮ ವಲಯ ಸಾಂಸ್ಕೃತಿಕ ಕೇಂದ್ರದ ವಶದಲ್ಲಿದೆ, ಮತ್ತು ಅಲ್ಲಿನ ಕಲಾವಿದರು ನುರಿತವರು. ಆದರೆ ತಲೆಯ ಮೇಲೆ ಉರಿಯುವ ಪಾತ್ರೆ ಹೊತ್ತು ಕುಣಿಯುವ ಚರೀ ನೃತ್ಯ ಕಿಶನ್‌ಗಢದ ಕಡೆಯದು. ಕೈಕಾಲುಗಳಿಗೆ ತಾಳ ಕಟ್ಟಿಕೊಂಡು ಮಾಡುವ ತೇರಹ್ ತಾಲಿ ಕಾಮಡ ಸಮುದಾಯದವರು ಜನಪದ ದೈವ ರಾಮದೇವನಿಗೆ ಸಲ್ಲಿಸುವ ಸೇವೆ. ಇಡೀ ರಾಜಸ್ಥಾನದ ಕುಣಿತಗಳನ್ನು ಒಂದೇ ಅಂಗಳದಲ್ಲಿ ಜೋಡಿಸಿದ ಸಂಗ್ರಹವೆಂದು ಅದನ್ನು ತಿಳಿದು ನೋಡಿದರೆ ಸಾಕು.

ಮೇವಾಡದ ಮಣ್ಣಿನದೇ ಆದ ರಂಗಕಲೆಯೆಂದರೆ ಭಿಲ್ಲ ಬುಡಕಟ್ಟಿನವರ ಗವರಿ. ನೂಲಹುಣ್ಣಿಮೆಯ ಮರುದಿನದಿಂದ ಸುಮಾರು ನಲವತ್ತು ದಿನ, ಭಿಲ್ಲರ ತಂಡಗಳು ಊರಿಂದೂರಿಗೆ, ಮುಖ್ಯವಾಗಿ ತಮ್ಮ ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಟ್ಟ ಊರುಗಳಿಗೆ ಹೋಗಿ, ಹಗಲು ಹೊತ್ತು ಬಯಲಿನಲ್ಲಿ ಇದನ್ನು ಆಡುತ್ತವೆ. ವೇಷಧಾರಿಗಳೆಲ್ಲ ಗಂಡಸರೇ, ಹೆಣ್ಣುಪಾತ್ರಗಳೂ ಅವರವೇ. ಆಟದ ಅಷ್ಟು ದಿನವೂ ಅವರು ಬರಿಗಾಲಲ್ಲಿ ನಡೆಯುತ್ತಾರೆ, ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾರೆ, ಹಸಿರು ತರಕಾರಿ ಮುಟ್ಟುವುದಿಲ್ಲ. ನೆಟ್ಟ ತ್ರಿಶೂಲದ ಸುತ್ತ ಮಾದಲ್ ಎಂಬ ಮದ್ದಳೆ ಮತ್ತು ಥಾಲಿ ಎಂಬ ಲೋಹದ ತಟ್ಟೆಯ ಬಡಿತಕ್ಕೆ ವೃತ್ತವಾಗಿ ಕುಣಿಯುತ್ತ, ನಡುನಡುವೆ ಒಂದೊಂದು ಪ್ರಸಂಗವನ್ನು ಅಭಿನಯಿಸುತ್ತಾರೆ. ದೇವಿಯರು ಆಲದ ಮರವನ್ನು ಭೂಮಿಗೆ ತಂದ ಕಥೆ ಅವುಗಳಲ್ಲೊಂದು. ನಮ್ಮ ಕರಾವಳಿಯ ಹರಕೆ ಬಯಲಾಟವನ್ನು ಬಲ್ಲವರಿಗೆ ಇದರ ಭಕ್ತಿಯೂ ಹಾಸ್ಯವೂ ಬೇಗ ಒಲಿಯುತ್ತವೆ. ಟಿಕೆಟ್ಟೂ ಇಲ್ಲ, ಮುದ್ರಿತ ವೇಳಾಪಟ್ಟಿಯೂ ಇಲ್ಲ. ಆ ದಿನ ಯಾವ ಹಳ್ಳಿಯಲ್ಲಿ ಆಟವಿದೆ ಎಂದು ನೀವು ಇಳಿದುಕೊಂಡಲ್ಲಿ ಅಥವಾ ಆಟೋ ಚಾಲಕರಲ್ಲಿ ವಿಚಾರಿಸಬೇಕು. ಇದು ಪೂಜೆಯೂ ಆಗಿರುವುದರಿಂದ ಚಿತ್ರ ತೆಗೆಯುವ ಮೊದಲು ಅನುಮತಿ ಕೇಳುವುದು ಸರಿ. ನನ್ನನ್ನು ಕೇಳಿದರೆ, ಮಳೆಯ ತೊಂದರೆ ಇದ್ದರೂ ಈ ಕಾಲವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಮಳೆಗಾಲ ಆಗದೆಂದರೆ ಯುಗಾದಿಯ ಸಮಯಕ್ಕೆ ಹೋಗಿ. ಯುಗಾದಿ ಕಳೆದು ಎರಡು ದಿನಕ್ಕೆ, ಚೈತ್ರ ಶುದ್ಧ ತದಿಗೆಯಂದು, ನಮ್ಮ ಮನೆಗಳಲ್ಲಿ ಚೈತ್ರಗೌರಿಯನ್ನು ಕೂರಿಸುವ ಹೊತ್ತಿಗೆ, ಅಲ್ಲಿ ಗಣಗೌರ್ ಹಬ್ಬ ನಡೆಯುತ್ತದೆ. ಸಿಂಗರಿಸಿದ ಈಸರ್ (ಶಿವ) ಮತ್ತು ಗೌರಿಯರ ಮರದ ಮೂರ್ತಿಗಳನ್ನು ಹೆಂಗಸರು ಹಾಡುತ್ತ ಹಳೆಯ ಪೇಟೆಯ ಬೀದಿಗಳಲ್ಲಿ ಗಣಗೌರ್ ಘಾಟಿಗೆ ತರುತ್ತಾರೆ. ಡಿಸೆಂಬರ್ ಮಾತ್ರ ಸಾಧ್ಯವೆಂದಾದರೆ 21ರಿಂದ 30ರವರೆಗೆ, ಉದಯಪುರದ ಕರಕುಶಲ ಕಲೆಗಳ ಗ್ರಾಮವಾದ ಶಿಲ್ಪಗ್ರಾಮದ ಉತ್ಸವವಿರುತ್ತದೆ.

ಒಂದು ದಿನವನ್ನು ನಾಥದ್ವಾರಕ್ಕೆ ಮೀಸಲಿಡಿ. ಉದಯಪುರದಿಂದ ಸುಮಾರು 48 ಕಿಲೋಮೀಟರ್ ದೂರದ ಈ ಊರಿಗೆ ಕೃಷ್ಣನ ರೂಪವಾದ ಗೋವರ್ಧನದ ಶ್ರೀನಾಥಜಿ 1672ರಲ್ಲಿ ಬಂದು ನೆಲೆಸಿದ ಮೇಲೆ, ದೇವರ ಸೇವೆಯ ಸುತ್ತ ಒಂದು ದೊಡ್ಡ ಕಲಾಪರಂಪರೆಯೇ ಬೆಳೆಯಿತು. ವಿಗ್ರಹದ ಹಿಂದೆ ಇಳಿಬಿಡುವ ಪಿಛವಾಯಿ ಚಿತ್ರಪಟಗಳು ಋತುವಿಗೂ ಹಬ್ಬಕ್ಕೂ ತಕ್ಕಂತೆ ಬದಲಾಗುತ್ತವೆ. ದೇವರ ಸೇವೆಯಲ್ಲಿ ಹಾಡುವ ಹವೇಲಿ ಸಂಗೀತದ ರಾಗಗಳೂ ಅಷ್ಟೇ. ಹತ್ತಿರದ ಮೊಲೇಲಾ ಹಳ್ಳಿಯಲ್ಲಿ ಕುಂಬಾರರು ದೇವರ ರೂಪ ಮೂಡಿಸಿದ ಮಣ್ಣಿನ ಹಲಗೆಗಳನ್ನು ಮಾಡುತ್ತಾರೆ. ಭಿಲ್ಲರೂ ಗುರ್ಜರರೂ ದೂರದಿಂದ ಬಂದು ಅವನ್ನು ಪೂಜೆಗೆಂದು ಒಯ್ಯುತ್ತಾರೆ.

ಪ್ರಶ್ನೆ: ರಾಜಸ್ಥಾನದ ಕಠ್‌ಪುತಲಿಗೂ ನಮ್ಮ ಯಕ್ಷಗಾನದ ಸೂತ್ರದ ಗೊಂಬೆಗೂ ವ್ಯತ್ಯಾಸವೇನು? ಉದಯಪುರದಲ್ಲಿ ಅದನ್ನು ಎಲ್ಲಿ ನೋಡಬಹುದು?
– ಓದುಗರೊಬ್ಬರು, ಕುಂದಾಪುರ

ಉತ್ತರ: ಕಠ್‌ಪುತಲಿಗೆ ಕಾಲುಗಳಿಲ್ಲ. ಮರದ ತಲೆಯ ಕೆಳಗೆ ಉದ್ದನೆಯ ಲಂಗ ಜೋಲುತ್ತದೆ, ಚಲನೆಯೆಲ್ಲ ಆ ಬಟ್ಟೆಯ ಬೀಸಿನಲ್ಲಿದೆ. ನಮ್ಮ ಗೊಂಬೆಗಳಿಗೆ ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲುಗಳಿರುವುದರಿಂದ ಯಕ್ಷಗಾನದ ಹೆಜ್ಜೆಯನ್ನು ಅವು ಇಡಬಲ್ಲವು. ಮಾತಿನಲ್ಲೂ ಭೇದವಿದೆ: ಅಲ್ಲಿನ ಸೂತ್ರಧಾರನು ‘ಬೋಲಿ’ ಎಂಬ ಪೀಪಿಯನ್ನು ಬಾಯಲ್ಲಿಟ್ಟು ಕೀರಲು ದನಿ ಹೊರಡಿಸುತ್ತಾನೆ, ಜೊತೆಗಾರರು ಕಥೆಯನ್ನು ಹೇಳಿಕೊಂಡು ಹೋಗುತ್ತಾರೆ; ನಮ್ಮಲ್ಲಿ ಭಾಗವತರ ಹಾಡು ಮತ್ತು ಅರ್ಥಗಾರಿಕೆ ಇರುತ್ತದೆ. ನೋಡಲು ಭಾರತೀಯ ಲೋಕ ಕಲಾ ಮಂಡಲಕ್ಕೆ ಹೋಗಿ. ದೇವಿಲಾಲ್ ಸಾಮರ್ ಅವರು 1952ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಗೊಂಬೆಯಾಟದ ತಂಡ 1965ರಲ್ಲಿ ರೊಮೇನಿಯಾದ ಅಂತರರಾಷ್ಟ್ರೀಯ ಉತ್ಸವದಲ್ಲಿ ಬಹುಮಾನ ಗೆದ್ದಿತ್ತು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಗೊಂಬೆ, ಮುಖವಾಡ, ವಾದ್ಯಗಳೂ ಇವೆ.

ಪ್ರಶ್ನೆ: ಮೇವಾಡದ ಕಿರುವರ್ಣಚಿತ್ರಗಳನ್ನು (ಮಿನಿಯೇಚರ್) ಕೊಳ್ಳಬೇಕೆಂದಿದ್ದೇನೆ. ಕೈಯಿಂದ ಬರೆದದ್ದೆಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೊಳ್ಳುವ ಮೊದಲು ಒಂದು ಬೆಳಗ್ಗೆಯನ್ನು ಸಿಟಿ ಪ್ಯಾಲೇಸ್ ವಸ್ತುಸಂಗ್ರಹಾಲಯದಲ್ಲಿ ಕಳೆಯಿರಿ. 17ನೆಯ ಶತಮಾನದಲ್ಲಿ ಸಾಹಿಬ್‌ದೀನ್, ಮನೋಹರ್ ಮೊದಲಾದವರು ಮಹಾರಾಣಾ ಜಗತ್ ಸಿಂಹನಿಗಾಗಿ ರಾಮಾಯಣವನ್ನು ಚಿತ್ರಿಸಿದರು. ಆ ಹಸ್ತಪ್ರತಿಯ ಹೆಚ್ಚಿನ ಭಾಗ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮುಂದಿನ ಶತಮಾನದ ಚಿತ್ರಕಾರರು ಪುಸ್ತಕದ ಹಾಳೆಯನ್ನು ಮೀರಿ ದೊಡ್ಡ ಅಳತೆಯ ಚಿತ್ರಗಳಿಗೆ ಕೈಹಾಕಿ, ಕೆರೆ, ದ್ವೀಪದ ಅರಮನೆ, ಮೋಡ ಕವಿದ ಗುಡ್ಡ, ಹಬ್ಬದ ಮೆರವಣಿಗೆಗಳನ್ನು ಬರೆದರು. ಅವನ್ನು ನೋಡಿದ ಕಣ್ಣಿಗೆ ಅಂಗಡಿಯ ಆನೆ, ಒಂಟೆ, ಕುದುರೆಗಳ ಅಗ್ಗದ ಹಾಳೆಗಳು ಹಿಡಿಸುವುದು ಕಷ್ಟ.

ಅಂಗಡಿಗೆ ಹೋಗುವಾಗ ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಅಚ್ಚಾದ ಚಿತ್ರದಲ್ಲಿ ಬಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತದೆ, ಕುಂಚದ ಗೆರೆ ಮಾತ್ರ ಎಲ್ಲೂ ಕಡಿಯದೆ ದಪ್ಪವಾಗಿ ತೆಳುವಾಗಿ ಓಡುತ್ತದೆ. ರೇಖೆಯನ್ನು ಅಚ್ಚು ಹಾಕಿ ಮೇಲೆ ಬಣ್ಣ ತುಂಬಿದ ಪ್ರತಿಗಳೂ ಇರಬಹುದು. ಆದ್ದರಿಂದ ಒಂದೇ ಚಿತ್ರದ ಎರಡು ಪ್ರತಿಗಳನ್ನು ಕೇಳಿ, ಮುಖದ ಗೆರೆಗಳನ್ನು ಹೋಲಿಸಿ ನೋಡಿ. ಸಾಂಪ್ರದಾಯಿಕ ವಸಲಿ ಕಾಗದವು ಹಲವು ಹಾಳೆಗಳನ್ನು ಅಂಟಿಸಿ, ನುಣುಪು ಕಲ್ಲಿನಿಂದ ಉಜ್ಜಿ ಸಿದ್ಧಪಡಿಸಿದ್ದು. ಅದರ ಗಡಸುತನ ಮತ್ತು ಹೊಳಪು ಕೈಗೆ ತಿಳಿಯುತ್ತವೆ. ಹಳೆಯ ದಸ್ತಾವೇಜಿನ ಕಾಗದದ ಮೇಲೆ ಬರೆದಿದೆ ಎಂದ ಮಾತ್ರಕ್ಕೆ ಚಿತ್ರವೂ ಹಳೆಯದಲ್ಲ. ಸಾಧ್ಯವಾದರೆ ಬರೆಯುತ್ತಿರುವ ಚಿತ್ರಕಾರರ ಬಳಿಯೇ ಕುಳಿತು ಕೊಳ್ಳಿ, ಮತ್ತು ಅವರ ಸಹಿಯನ್ನು ಚಿತ್ರದ ಹಿಂಬದಿಯಲ್ಲಿ ಹಾಕಿಸಿಕೊಳ್ಳಿ.