ಮುಂಗೋಪಿಯ ಬಾಯಲ್ಲಿ ದೇವರ ಮಾತು

ಪ್ರಶ್ನೆ: ಯುವಕರಿಗೆ ಬೈಬಲ್ ಪಾಠ ಮಾಡು ಅಂತ ನಮ್ಮ ಸಭೆಯ ಹಿರಿಯರು ಒತ್ತಾಯಿಸುತ್ತಿದ್ದಾರೆ. ನನಗೆ ಮಾತು ತೊದಲುತ್ತದೆ. ಸಿಟ್ಟೂ ಜಾಸ್ತಿ. ಆಸ್ತಿ ಜಗಳದಲ್ಲಿ ತಮ್ಮನ ಮೇಲೆ ಕೈ ಮಾಡಿದ್ದೆ, ಇವತ್ತಿಗೂ ಮಾತಿಲ್ಲ. ಇಂಥವನು ಪಾಠ ಹೇಳುವುದು ಕಪಟ ಅಲ್ವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅಳುಕುಗಳು ಬೆರೆತಿವೆ.

ತೊದಲಿಗೆ ದಾರಿ ಇದೆ. ಈಜಿಪ್ಟಿನ ದಾಸ್ಯದಿಂದ ಜನರನ್ನು ಬಿಡಿಸು ಅಂತ ದೇವರು ಕರೆದಾಗ, ಬೈಬಲ್ಲಿನ ಮೋಶೆಯೂ ತನ್ನ ನಾಲಿಗೆ ಮಂದ, ಬೇರೆ ಯಾರನ್ನಾದರೂ ಕಳಿಸು ಅಂತ ಅಂಗಲಾಚಿದ. ದೇವರು ಸಿಟ್ಟಾದ, ಆದರೆ ಬಿಡಲಿಲ್ಲ. ಮಾತು ಬಲ್ಲ ಅಣ್ಣ ಆರೋನನನ್ನು ಜೊತೆಗೆ ಕೊಟ್ಟ. ನೀವೂ ಹಿರಿಯರ ಹತ್ತಿರ ಒಬ್ಬ ಜೊತೆಗಾರನನ್ನು ಕೇಳಿ. ಈ ಮೋಶೆ ಅದಕ್ಕೂ ಮೊದಲೇ ಒಬ್ಬ ಈಜಿಪ್ಟಿನವನನ್ನು ಕೊಂದು, ಮರಳಿನಲ್ಲಿ ಹೂತು, ಓಡಿಹೋದವನು. ಬೈಬಲ್ ಅದನ್ನೂ ಮುಚ್ಚಿಟ್ಟಿಲ್ಲ. ಹಾಗಾಗಿ ಕೈ ಮಾಡಿದವನಿಗೆ ಕರೆಯೇ ಬರುವುದಿಲ್ಲ ಅಂದುಕೊಳ್ಳಬೇಡಿ.

ಸಿಟ್ಟಿನ ಬಗ್ಗೆ ಬೈಬಲ್ಲಿನಲ್ಲಿರುವ ಪ್ರವಾದಿ ಯೋನನ ಪುಸ್ತಕ ಓದಿ. ಬರೀ 4 ಅಧ್ಯಾಯ. ಅವನನ್ನು ಮೀನು ನುಂಗಿದ ಕಥೆ ಎಲ್ಲರಿಗೂ ಗೊತ್ತು, ಕೊನೆಯ ಅಧ್ಯಾಯದಲ್ಲಿ ನಿಲ್ಲುವವರು ಕಡಿಮೆ. ದೇವರು ನಿನೆವೆ ಪಟ್ಟಣಕ್ಕೆ ಹೋಗು ಅಂದರೆ, ತಪ್ಪಿಸಿಕೊಳ್ಳಲು ತಾರ್ಷೀಷ್ ಅನ್ನುವ ದೂರದ ಊರಿನ ಹಡಗು ಹತ್ತಿದವನು ಆತ. ಕಡೆಗೆ ಹೋಗಿ ಸಾರಿದ, ಊರಿಗೆ ಊರೇ ದೇವರ ಕಡೆ ತಿರುಗಿತು. ಅವನ ಮನಸ್ಸು ಮಾತ್ರ ತಿರುಗಲಿಲ್ಲ. ಇಂಥವರನ್ನು ಯಾಕೆ ಕ್ಷಮಿಸಿದೆ ಅಂತ ದೇವರ ಮೇಲೇ ಸಿಡುಕಿದ. ಊರಾಚೆ ಮುಖ ಊದಿಸಿಕೊಂಡು ಕೂತ. ನೆರಳಿಗೆ ಬೆಳೆದ ಗಿಡವನ್ನು ಹುಳು ಕೊರೆದು ಒಣಗಿಸಿದಾಗ, ಸಾಯುವುದೇ ಮೇಲು ಅಂದ.

ಅಂದರೆ, ಸಿಟ್ಟು ಇಟ್ಟುಕೊಂಡೇ ದೇವರ ಕೆಲಸ ಮಾಡಿ ಮುಗಿಸಬಹುದು. ನನಗೆ ಭಯವಾಗುವುದು ಅದೇ. ನಿಮ್ಮ ಪಾಠದಿಂದ ಹತ್ತು ಹುಡುಗರು ಬದಲಾದರೂ, ನೀವು ಮಾತ್ರ ಆಚೆಯೇ ಕೂತಿರಬಹುದು. ಆದರೆ ನೋಡಿ, ಕೆಲಸ ಆಯಿತಲ್ಲ ಅಂತ ದೇವರು ಯೋನನನ್ನು ಕೈಬಿಡಲಿಲ್ಲ. ಹತ್ತಿರ ಬಂದು, ನೀನು ಸಿಟ್ಟಾಗುವುದು ಸರಿಯೇ ಅಂತ ಎರಡು ಸಲ ಕೇಳಿದ. ಒಂದು ಗಿಡಕ್ಕೆ ಮರುಗುವ ನೀನು, ಈ 1,20,000ಕ್ಕೂ ಹೆಚ್ಚು ಜನರಿಗೆ, ಇಷ್ಟೊಂದು ದನಕರುಗಳಿಗೆ ನಾನು ಮರುಗಬಾರದೇ ಅಂದ. ಯೋನ ಏನು ಹೇಳಿದ ಅಂತ ಪುಸ್ತಕದಲ್ಲಿ ಇಲ್ಲ.

ನೀವು ಪಾಠ ಒಪ್ಪಿಕೊಳ್ಳಿ. ಮೊದಲು ತಮ್ಮನ ವಿಷಯವನ್ನು ಹಿರಿಯರಿಗೆ ಬಿಡಿಸಿ ಹೇಳಿ. ದೇವರು ಎಂಥೆಂಥವರನ್ನೋ ಬಳಸುತ್ತಾನೆ ಅನ್ನುವುದನ್ನು ನೆಪ ಮಾಡಿಕೊಂಡು ಸುಮ್ನೆ ಇರಬೇಡಿ. ಪಾಠ ಶುರುವಾಗುವ ಮುಂಚೆ ತಮ್ಮನಿಗೆ ಫೋನ್ ಮಾಡಿ, ಕೈ ಮಾಡಿದ್ದು ತಪ್ಪು ಅನ್ನಿ. ಆಸ್ತಿಯ ಮಾತು ಎತ್ತಬೇಡಿ. ಅವನು ಫೋನ್ ಇಟ್ಟುಬಿಟ್ಟರೂ ಪಾಠಕ್ಕೆ ಹೋಗಿ, ಆಮೇಲೆ ಮತ್ತೆ ಮಾಡಿ.