ರಾಜೀನಾಮೆ ಬರೆಯೋ ಮೊದಲು ಬೆಂಗಳೂರಿಗೆ ಟಿಕೆಟ್ ಮಾಡಿಸಿ

"ಮೂರೂವರೆ ತಿಂಗಳ ಮಗು, ತವರಲ್ಲಿದ್ದೀನಿ. ಇನ್ನು 38 ದಿನಕ್ಕೆ ಕೆಲಸಕ್ಕೆ ಹಾಜರಾಗಬೇಕು, ಅದರ ಹಿಂದಿನ ಶನಿವಾರ ಬೆಂಗಳೂರಿಗೆ ಹೋಗ್ತೀನಿ. ಅತ್ತೆ ಹತ್ತಿರ ಬಿಡಲಾ, ಡೇ ಕೇರ್‌ಗೆ ಸೇರಿಸಲಾ, ರಾಜೀನಾಮೆ ಕೊಡಲಾ?" ಅಂತ ಕೇಳಿದ್ದೀರಿ. ಆ ಮೂರು ಪ್ರಶ್ನೆ ಹಾಗಿರಲಿ. "ಹಿಂದಿನ ಶನಿವಾರ" ಅಂದಿರಲ್ಲ, ನಾನು ಕೆಲಸ ಕಳಕೊಂಡಿದ್ದು ಅಲ್ಲೇ.

ನಾನು ಬಂದಿದ್ದು ಶುಕ್ರವಾರ, 2022ರ ಜುಲೈ 29. ಹಿಂದಿನ ದಿನ ಭೀಮನ ಅಮಾವಾಸ್ಯೆ. ಆಷಾಢದಲ್ಲಿ ಬಾಣಂತಿ, ಕೂಸನ್ನ ಕಳಿಸಲ್ಲ ಅಂತ ಅಮ್ಮನ ಹಟ. ರಜೆಯ ಕೊನೇ ದಿನದವರೆಗೂ ತವರಲ್ಲೇ ಇರ್ತೀನಿ ಅಂತ ನನ್ನ ಆಸೆ. ಎರಡೂ ಸೇರಿ, ಶ್ರಾವಣ ಹುಟ್ಟಿದ ದಿನವೇ ಅರಸೀಕೆರೆ ಬಿಟ್ಟು ಬನಶಂಕರಿಯ ಮನೆ ಸೇರಿದೆವು. ಸೋಮವಾರ, ಆಗಸ್ಟ್ 1ಕ್ಕೆ ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ನನ್ನ ಹಾಜರಿ.

ಆ ಮೂರು ದಿನದಲ್ಲಿ ಕೂಸಿಗೆ ಏನೇನು ಬದಲಾಯ್ತು ಅಂದರೆ, ಮನೆ ಬೇರೆ. ಎತ್ತಿಕೊಳ್ಳೋ ಕೈ ಬೇರೆ, ಅಜ್ಜಿ ಬದಲು ನಮ್ಮತ್ತೆ. ಸ್ನಾನದ ಹೊತ್ತು, ನಿದ್ದೆಯ ಹೊತ್ತು ಬೇರೆ. ಅರಸೀಕೆರೆಯಲ್ಲಿ ನಾನು ಆಸ್ಪತ್ರೆಗೋ ಪೇಟೆಗೋ ಹೋದಾಗ ಅಮ್ಮ ಹಿಂಡಿಟ್ಟ ಹಾಲನ್ನ ಬೆಳ್ಳಿ ಒಳಲೆಯಲ್ಲಿ, ಅಂದರೆ ಮೂತಿ ಇರೋ ಪುಟ್ಟ ಬಟ್ಟಲಲ್ಲಿ, ಕುಡಿಸೋಳು. ಬೆಂಗಳೂರಿಗೆ ಬಾಟಲಿಯೇ ಸರಿ ಅಂತ ಒಳಲೆಯನ್ನ ಅಲ್ಲೇ ಗೂಡಿನಲ್ಲಿ ಬಿಟ್ಟುಬಂದೆ. ಇಷ್ಟರ ಮೇಲೆ ಸೋಮವಾರ ಬೆಳಗ್ಗೆ 7.45ಕ್ಕೆ ಕೂಸಿನ ಅಮ್ಮನೂ, ಅಂದರೆ ನಾನೂ, ನಾಪತ್ತೆ, ಸಂಜೆ 6.45ರ ತನಕ.

ಮಗು ಬಾಟಲಿ ಮುಟ್ಟಲಿಲ್ಲ. ಶನಿವಾರವೇ ಮುಟ್ಟಿರಲಿಲ್ಲ. ಆಗ ನಾನು ಮಾಡಿದ್ದು ಏನು ಗೊತ್ತಾ? ಇನ್ನೂ ಮೂರು ಥರದ ನಿಪ್ಪಲ್ ತಂದೆ. ಹಾಲು ಇನ್ನಷ್ಟು ಬೆಚ್ಚಗೆ ಮಾಡಿದೆ. ಅತ್ತೆ ಬದಲು ಗಂಡನ ಕೈಗೆ ಕೊಟ್ಟೆ. ನನ್ನ ಕೆಲಸವೇ ಲೆಕ್ಕ ತಾಳೆ ನೋಡೋದು. ಒಂದೇ ದಿನ ಐದು ಎಂಟ್ರಿ ತಪ್ಪಾಗಿ ಕೂತರೆ ವ್ಯತ್ಯಾಸ ಯಾವುದರಿಂದ ಬಂತು ಅಂತ ಹುಡುಕೋಕಾಗಲ್ಲ, ಒಂದೊಂದಾಗಿ ಹಿಂದೆಗೆದು ನೋಡಬೇಕು ಅಂತ ಹೊಸಬರಿಗೆ ಹೇಳಿಕೊಡ್ತಿದ್ದವಳು ನಾನು. ಮಗು ಅಳೋದು ಬಾಟಲಿಗೋ, ಹೊಸ ಕೈಗೋ, ಹೊಸ ಕೋಣೆಗೋ, ನಾನಿಲ್ಲ ಅಂತಲೋ? ಗೊತ್ತಾಗೋ ದಾರಿಯೇ ಇರಲಿಲ್ಲ, ಎಲ್ಲ ಒಟ್ಟಿಗೇ ಬಂದಿತ್ತು. ಯಾವುದು ಅಂತ ಗೊತ್ತಿಲ್ಲದೆ ಎಲ್ಲವನ್ನೂ ಮತ್ತೆ ಬದಲಾಯಿಸಿ ಇನ್ನಷ್ಟು ಕೆಡಿಸಿದೆ.

ಅತ್ತ ನನ್ನ ಕಥೆ. ಸೋಮವಾರ ಹನ್ನೊಂದು ಗಂಟೆ ಹಾಲು ತೆಗೆಯದೆ ಕೂತೆ. ಮಂಗಳವಾರ ಶೌಚಾಲಯದಲ್ಲಿ ಕೈಯಿಂದ ಹಿಂಡಿ ಚೆಲ್ಲಿದೆ. ಬುಧವಾರ ಸಂಜೆ ಬಲಗಡೆ ನಿಂಬೆಹಣ್ಣಿನಷ್ಟು ಗಂಟು. ಪಕ್ಕದ ಮನೆಯವರು ಹೇಳಿದರು ಅಂತ ಬಿಸಿ ಶಾಖ ಕೊಟ್ಟು ಹರಳೆಣ್ಣೆ ಹಚ್ಚಿ ಬಲವಾಗಿ ತಿಕ್ಕಿದೆ. ಅದೂ ತಪ್ಪು, ಊತ ಹೆಚ್ಚಾಗೋದೇ ಹಾಗೆ. ಗುರುವಾರ 102 ಡಿಗ್ರಿ ಜ್ವರ, ಚಳಿ. ಡಾಕ್ಟರು ಆಂಟಿಬಯಾಟಿಕ್ ಬರೆದು, ಆ ಕಡೆಯೂ ಕುಡಿಸ್ತಾ ಇರಿ, ನಿಲ್ಲಿಸಬೇಡಿ, ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಇಡಿ ಅಂದರು. ಮನೆಗೆ ಬಂದರೆ ಇನ್ನೊಬ್ಬರು, "ಎದೆಗೆ ಮಲ್ಲಿಗೆ ದಂಡೆ ಕಟ್ಟು, ಹಾಲು ಬತ್ತುತ್ತೆ, ಪೀಡೆ ಕಳೀತದೆ" ಅಂದರು. ಅಕೌಂಟ್ಸ್‌ನವರಿಗೆ ತಿಂಗಳ ಮೊದಲ ವಾರ ಅಂದರೆ ಹಿಂದಿನ ತಿಂಗಳ ಲೆಕ್ಕ ಮುಗಿಸೋ ಕ್ಲೋಸಿಂಗ್, 7ಕ್ಕೆ ಟಿಡಿಎಸ್ ತೆರಿಗೆ ಕಟ್ಟೋದು, 11ಕ್ಕೆ ಜಿಎಸ್‌ಟಿ ರಿಟರ್ನ್. ಫೋನ್ ನಿಲ್ಲಲಿಲ್ಲ. ಶುಕ್ರವಾರ ರಾತ್ರಿ ಜ್ವರದಲ್ಲೇ ರಾಜೀನಾಮೆ ಕಳಿಸಿದೆ. ಮುಂದಿನ ಕೆಲಸ ಸಿಗೋಕೆ 14 ತಿಂಗಳು ಹಿಡೀತು, ಅದೂ ಹಳೇ ಸಂಬಳಕ್ಕಿಂತ ಕಮ್ಮಿಗೆ. ಹೆರಿಗೆಯಿಂದ ಬಂದ ಕಾಯಿಲೆಗೆ ಡಾಕ್ಟರ ಪತ್ರ ಕೊಟ್ಟು ಇನ್ನೂ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆ ಕೇಳಬಹುದು ಅಂತ ಕಾಯ್ದೆಯಲ್ಲೇ ಇದೆ. ನಾನು ಅದನ್ನ ಓದಿದ್ದು ಕೆಲಸ ಬಿಟ್ಟ ಮೇಲೆ.

ಇದಕ್ಕೂ ಹಿಂದೆ ಇನ್ನೊಂದು ಲೆಕ್ಕ ತಪ್ಪಿತ್ತು. ನಿಮ್ಮದು ಮುಗಿದ ಕಥೆ, ಆದರೂ ಇದನ್ನ ಓದೋ ಬಸುರಿಯರಿಗೆ ಬರೀತೀನಿ. ಹೆರಿಗೆ ರಜೆ 26 ವಾರ, ಅಂದರೆ 182 ದಿನ. ಹೆರಿಗೆಗೆ ಮೊದಲು ಅದರಲ್ಲಿ ಹೆಚ್ಚೆಂದರೆ 8 ವಾರ ತಗೋಬಹುದು. ಮೊದಲು ತಗೊಂಡಿದ್ದೆಲ್ಲ ಆಮೇಲಿನದರಿಂದ ಕಳೀತದೆ. ನಾನು ಜನವರಿ 31ಕ್ಕೆ ರಜೆ ಹಾಕಿದೆ, ಮಗು ಹುಟ್ಟಿದ್ದು ಮಾರ್ಚ್ 14. ಆರು ವಾರ ಅಲ್ಲೇ ಹೋಯ್ತು. ಉಳಿದಿದ್ದು 20 ವಾರ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ರಾಗಿ ಸರಿಯೂ ಬೇಡ. ಹಾಗಾಗಿ ನಾಲ್ಕೂವರೆ ತಿಂಗಳ ಮಗುವನ್ನ ಬಿಟ್ಟು ಹೋಗೋದಕ್ಕೂ ಆರು ತಿಂಗಳ ಮಗುವನ್ನ ಬಿಟ್ಟು ಹೋಗೋದಕ್ಕೂ ಅಜಗಜಾಂತರ. ಎರಡನೇ ಸಲ ಡಾಕ್ಟರ ಒಪ್ಪಿಗೆ ಮೇಲೆ ಹೆರಿಗೆಗೆ ಹತ್ತು ದಿನ ಇರೋವರೆಗೂ ಕೆಲಸ ಮಾಡಿದೆ. ವಾಪಸು ಹೋಗೋ ಹೊತ್ತಿಗೆ ಸರಿ ತಿನ್ನಿಸೋ ವಯಸ್ಸು ಹತ್ತಿರ ಬಂದಿತ್ತು.

ಈಗ ನಿಮ್ಮ 38 ದಿನ. ಈ ವಾರವೇ ಬನ್ನಿ. ಅಮ್ಮನೂ ಜೊತೆಗೆ ಬಂದು ಹತ್ತು ದಿನ ಇದ್ದರೆ ಇನ್ನೂ ಒಳ್ಳೇದು, ಜಾಗ ಬದಲಾದರೂ ಕೈ ಬದಲಾಗಲ್ಲ. ಮೊದಲ ವಾರ ಮನೆ ಬದಲಾಗಿದ್ದು ಬಿಟ್ಟರೆ ಬೇರೆ ಏನೂ ಬದಲಾಯಿಸಬೇಡಿ.

ಎರಡನೇ ವಾರ ಒಳಲೆ. ದಿನಕ್ಕೆ ಒಂದೇ ಸಲ, ಎದೆಹಾಲು ಕುಡಿದು ಒಂದೂವರೆ ಗಂಟೆ ಆದಮೇಲೆ, ಅಂದರೆ ಪೂರ್ತಿ ಹಸಿವಾಗೋ ಮೊದಲು. 30 ಮಿಲಿ ಸಾಕು. ಕುಡಿಸೋದು ಅತ್ತೆ, ನೀವು ಟೆರೇಸಿಗೋ ಬೀದಿಗೋ ಹೋಗಿ. ಅಮ್ಮನ ವಾಸನೆ ಬರ್ತಿದ್ದರೆ ಎಷ್ಟೋ ಮಕ್ಕಳು ಬೇರೆ ಯಾವುದಕ್ಕೂ ಬಾಯಿ ತೆರೆಯಲ್ಲ. ತೊಡೆ ಮೇಲೆ ಅರ್ಧ ಕೂರಿಸಿ, ಒಳಲೆಯ ಮೂತಿಯನ್ನ ಕೆಳತುಟಿಯ ಅಂಚಿಗೆ ತಾಗಿಸಿ, ಮಗು ತಾನೇ ಹೀರಿಕೊಳ್ಳಲಿ. ಬಾಯಿಗೆ ಸುರಿಯೋಕೆ ಹೋದರೆ ನೆತ್ತಿಗೆ ಹತ್ತುತ್ತೆ. ಹತ್ತು ನಿಮಿಷ ನೋಡಿ, ಬೇಡ ಅಂದರೆ ನಿಲ್ಲಿಸಿ, ನಾಳೆ ಮತ್ತೆ. ಬಾಟಲಿಯೇ ಬೇಕು ಅಂತಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೂ ಆಸ್ಪತ್ರೆಯಲ್ಲಿ ಒಳಲೆಯಲ್ಲೇ ಕುಡಿಸ್ತಾರೆ, ತೊಳೆದು ಕುದಿಸೋದೂ ಸುಲಭ.

ಅದೇ ವಾರ ಪಂಪ್ ಶುರು ಮಾಡಿ. ಬೆಳಗಿನ ಮೊದಲ ಹಾಲು ಕುಡಿಸಿ ಅರ್ಧ ಗಂಟೆ ಬಿಟ್ಟು, ಒಂದೇ ಸಲ. ಮೊದಲ ದಿನ 20 ಮಿಲಿ ಬಂದರೆ ಹೆದರಬೇಡಿ, ಮಗು ಕುಡಿದು ಉಳಿದದ್ದು ಅದು. ಪಂಪಿನ ಬಾಯಿ ಅಳತೆ ನೋಡಿ ತಗೊಳ್ಳಿ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರೋದು 24 ಮಿಲಿಮೀಟರಿನದು, ಆದರೆ ಎಲ್ಲರಿಗೂ ಅದು ಸರಿಹೋಗಲ್ಲ. ತೊಟ್ಟಿನ ಅಗಲ ಸ್ಕೇಲಿನಲ್ಲಿ ಅಳೆದು ಅದಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡದು ನೋಡಿ. ತೀರಾ ದೊಡ್ಡದಾದರೆ ಸುತ್ತಲಿನ ಚರ್ಮವೂ ಒಳಗೆ ಎಳೆದು ನೋಯುತ್ತೆ, ಹಾಲು ಕಮ್ಮಿ ಬರುತ್ತೆ. "ನಂಗೆ ಹಾಲೇ ಇಲ್ಲ" ಅಂತ ಪಂಪ್ ಮೂಲೆಗಿಡೋ ಅರ್ಧ ಜನರ ತೊಂದರೆ ಇದೇ ಅಂತ ನನ್ನ ಗುಮಾನಿ.

ಎಷ್ಟು ಹಾಲು ಬೇಕು? ನೀವು ಹೊರಗಿರೋ ಗಂಟೆಗೆ 30ರಿಂದ 45 ಮಿಲಿ. ಹತ್ತು ಗಂಟೆಗೆ 400 ಇಟ್ಟುಕೊಳ್ಳಿ, 80ರಿಂದ 100ರಂತೆ ಸಣ್ಣ ಸಣ್ಣ ಡಬ್ಬಿಗಳಲ್ಲಿ. ಫ್ರೀಜರ್ ತುಂಬಿಸೋ ಹುಚ್ಚು ಬೇಡ. ಮೊದಲ ದಿನಕ್ಕೆ ಬೇಕಾದಷ್ಟು, ಜೊತೆಗೆ ಒಂದು ಡಬ್ಬಿ ಹೆಚ್ಚಿಗೆ ಇದ್ದರೆ ಸಾಕು. ಆಮೇಲೆ ಇವತ್ತು ಆಫೀಸಿನಲ್ಲಿ ತೆಗೆದದ್ದು ನಾಳೆಗೆ. ಹೊರಗೆ 25 ಡಿಗ್ರಿ ಒಳಗಿದ್ದರೆ ನಾಲ್ಕು ಗಂಟೆ ಇರುತ್ತೆ, ಬೇಸಿಗೆಯಲ್ಲಿ ಅಷ್ಟು ನಂಬಬೇಡಿ. ಫ್ರಿಜ್ಜಿನ ಹಿಂಬದಿಯಲ್ಲಿ ನಾಲ್ಕು ದಿನ, ಬಾಗಿಲಲ್ಲಿ ಇಡಲೇಬೇಡಿ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಗೂಡಾದರೆ ಎರಡು ವಾರ ಮೀರಿಸಬೇಡಿ. ಕರಗಿಸಿದ್ದನ್ನ ಮತ್ತೆ ಹೆಪ್ಪುಗಟ್ಟಿಸಬಾರದು, 24 ಗಂಟೆಯೊಳಗೆ ಮುಗಿಸಬೇಕು. ಒಲೆ ಮೇಲೆ, ಮೈಕ್ರೋವೇವಲ್ಲಿ ಬೇಡ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ನಿಲ್ಲಿಸಿ ಬೆಚ್ಚಗೆ ಮಾಡಿ. ಕುಡಿದು ಉಳಿದದ್ದಕ್ಕೆ ಎರಡು ಗಂಟೆ ಗಡುವು.

ಇದನ್ನೆಲ್ಲ ಅತ್ತೆಗೆ ಬಾಯಲ್ಲಿ ಹೇಳಿದರೆ ಸಾಲದು, ಒಂದು ದಿನ ಡಬ್ಬಿ ತೆಗೆದು ತೋರಿಸಿ. ಫ್ರಿಜ್ಜಿನಲ್ಲಿಟ್ಟ ಎದೆಹಾಲು ಎರಡು ಪದರವಾಗುತ್ತೆ, ಮೇಲೆ ಹಳದಿ ಕೆನೆ, ಕೆಳಗೆ ನೀಲಿ ಛಾಯೆಯ ತೆಳು ನೀರು. ನಮ್ಮತ್ತೆ "ಒಡೆದೋಗಿದೆ ಕಣಮ್ಮ" ಅಂತ 120 ಮಿಲಿ ಸಿಂಕಿಗೆ ಸುರಿದರು. ಅವರದೇನು ತಪ್ಪು? ಹಸುವಿನ ಹಾಲು ಹಾಗಾದರೆ ನಾನೂ ಚೆಲ್ತಿದ್ದೆ. ಡಬ್ಬಿಯನ್ನ ಮೆಲ್ಲಗೆ ತಿರುಗಿಸಿದರೆ ಕೆನೆ ಬೆರೆತುಕೊಳ್ಳುತ್ತೆ.

ಮೂರನೇ ವಾರ ನೀವು ಎರಡು ಗಂಟೆ ಹೊರಗೆ, ಆಮೇಲೆ ನಾಲ್ಕು. ನಾಲ್ಕನೇ ವಾರ ಎಂಟು. ಐದನೇ ವಾರ ಎರಡು ದಿನ ಪೂರ್ತಿ ತಾಲೀಮು. ಡಬ್ಬಿ, ಪಂಪು, ಐಸ್ ಪ್ಯಾಕ್ ಹಾಕಿದ ಚೀಲ ಹಿಡಿದು ನಿಮ್ಮ ಬಸ್ಸೋ ಮೆಟ್ರೋನೋ ಹತ್ತಿ ಆಫೀಸಿನ ಗೇಟಿನ ತನಕ ಹೋಗಿ ಬನ್ನಿ. ಪಂಪಿನ ಬಿಡಿಭಾಗ ಇನ್ನೊಂದು ಸೆಟ್ ಬೇಕು ಅಂತ ನನಗೆ ಗೊತ್ತಾಗಿದ್ದು ಎರಡನೇ ಸಲದ ತಾಲೀಮಿನಲ್ಲೇ. ಮಧ್ಯಾಹ್ನ ತೊಳೆದದ್ದು ಮುಂದಿನ ಸರದಿಗೆ ಒಣಗಿರಲ್ಲ.

ಆಫೀಸಿಗೆ ಎರಡು ವಾರ ಮೊದಲೇ ಮೇಲ್ ಕಳಿಸಿ, ಅದರಲ್ಲಿ ಅನುಮತಿ ಬೇಡಬೇಡಿ. "ಮಗುವಿಗೆ 15 ತಿಂಗಳು ತುಂಬುವವರೆಗೆ ಕಾಯ್ದೆಯಂತೆ ಇರುವ ಎರಡು ಬಿಡುವನ್ನು 11ಕ್ಕೆ ಮತ್ತು 3.30ಕ್ಕೆ ತೆಗೆದುಕೊಳ್ಳುತ್ತೇನೆ. ಒಳಗಿನಿಂದ ಚಿಲಕ ಹಾಕಬಹುದಾದ, ಪ್ಲಗ್ ಇರುವ ಕೋಣೆ ಯಾವುದೆಂದು ತಿಳಿಸಿ" ಅಂತ ಬರೆಯಿರಿ. ಇದು ಊಟದ ಬಿಡುವಿನ ಹೊರತಾದದ್ದು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿತ್ತು, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ನೋಡಿಬರಬಹುದು. ಅದರ ಬಗ್ಗೆಯೂ ಲಿಖಿತವಾಗಿಯೇ ಕೇಳಿ.

ಸೋಮವಾರ ಸೇರಬೇಡಿ. ರಜೆ ಮುಗಿದು ಸೋಮವಾರ ಹಾಜರಾಗಬೇಕಿದ್ದರೆ ಮೂರು ದಿನ ಗಳಿಕೆ ರಜೆ ಸೇರಿಸಿ ಗುರುವಾರ ಹೋಗಿ. ಎರಡು ದಿನ ಕೆಲಸ, ಎರಡು ದಿನ ಮನೆ, ಎಡವಟ್ಟಾಗಿದ್ದನ್ನ ಸರಿಮಾಡೋಕೆ ಸಮಯ ಸಿಗುತ್ತೆ. ತಿಂಗಳ ಕ್ಲೋಸಿಂಗ್ ಇರೋ ಕೆಲಸವಾದರೆ ಆ ವಾರವನ್ನೂ ತಪ್ಪಿಸಿ. ಒಂದು ವಾರ ಮೊದಲೇ ಐಟಿಯವರಿಗೆ ಫೋನ್ ಮಾಡಿ. ಆರು ತಿಂಗಳಲ್ಲಿ ಪಾಸ್‌ವರ್ಡ್ ಲಾಕ್ ಆಗಿರುತ್ತೆ, ಒಟಿಪಿ ಬೇರೆಯವರ ಮೊಬೈಲಿಗೆ ಹೋಗ್ತಿರುತ್ತೆ. ಮೊದಲ ದಿನ ಇಡೀ ಲಾಗಿನ್‌ಗೆ ಕಾಯ್ತಾ ಕೂತರೆ ಎಲ್ಲರ ಕಣ್ಣಿಗೆ ನೀವು ಕೆಲಸ ಮರೆತವರ ಹಾಗೆ ಕಾಣ್ತೀರಿ. ಮೊದಲ ಎರಡು ವಾರ ಶುರುವಿನಿಂದ ಕೊನೆವರೆಗೆ ನಿಮ್ಮದೇ ಆದ ಒಂದೇ ಕೆಲಸ ಕೇಳಿ ತಗೊಳ್ಳಿ. ನಾನು ಎರಡನೇ ಸಲ ಪೂರೈಕೆದಾರರ ಲೆಕ್ಕ ತಾಳೆ ಮಾಡೋದು ಕೇಳಿಕೊಂಡೆ. ಮಧ್ಯೆ 20 ನಿಮಿಷ ಎದ್ದು ಹೋದರೂ ಯಾರ ಕೆಲಸವೂ ನಿಲ್ಲಲ್ಲ.

ಅತ್ತೆಯೋ ಡೇ ಕೇರೋ ಅಂತ ಕೇಳಿದಿರಿ. ಯಾರಾದರೂ ಆಗಬಹುದು, ನೀವು ಸೇರೋಕೆ ಹದಿನೈದು ದಿನ ಮೊದಲೇ ಶುರುವಾಗಿರಬೇಕು, ಅಷ್ಟೇ. ಡೇ ಕೇರ್ ಆದರೆ ಮೊದಲ ಮೂರು ತಿಂಗಳು ನೆಗಡಿ, ಜ್ವರ ಬಿಡಲ್ಲ, ಯಾವ ಸಲ ಗಂಡ ರಜೆ ಹಾಕೋದು, ಯಾವ ಸಲ ನೀವು ಅಂತ ಈಗಲೇ ಮಾತಾಡಿಕೊಳ್ಳಿ. ರಾಜೀನಾಮೆ ವಿಷಯ ಸೇರಿದ ಮೇಲೆ 60ನೇ ದಿನ ಯೋಚಿಸಿ, ಮೈಯಲ್ಲಿ ಜ್ವರ ಇಲ್ಲದ ದಿನ.

ಮೊದಲು ಟಿಕೆಟ್ ನೋಡಿ. ಒಳಲೆಯನ್ನ ಪೆಟ್ಟಿಗೆಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ, ದಾರಿಯಲ್ಲೇ ಬೇಕಾಗಬಹುದು.