ಪೂರ್ತಿ ಖಾಲಿಯಾದ ಮೇಲೆಯೇ ಬ್ಯಾಟರಿ ಚಾರ್ಜ್ ಮಾಡಬೇಕೆ?

ಪ್ರಶ್ನೆ: ಮನೆಯ ಸಣ್ಣಪುಟ್ಟ ಮರಗೆಲಸಕ್ಕೆಂದು 18 ವೋಲ್ಟ್‌ನ ಕಾರ್ಡ್‌ಲೆಸ್ ಡ್ರಿಲ್ ಡ್ರೈವರ್ ಕೊಂಡು ವರ್ಷವಾಯಿತು. ಬ್ಯಾಟರಿ ಪೂರ್ತಿ ಇಳಿಯುವವರೆಗೆ ಬಳಸಿ, ಆಮೇಲೆ ರಾತ್ರಿಯಿಡೀ ಚಾರ್ಜ್‌ಗೆ ಹಾಕಬೇಕೆಂದು ಪರಿಚಯದ ಬಡಿಗೇರರು ಹೇಳಿದ್ದರು, ಹಾಗೆಯೇ ಮಾಡುತ್ತಿದ್ದೇನೆ. ಈಗ ಮೊದಲಿನಷ್ಟು ಹೊತ್ತು ಚಾರ್ಜ್ ನಿಲ್ಲುತ್ತಿಲ್ಲ. ಬೇಸಿಗೆಯಲ್ಲಂತೂ ಕೆಲಸ ಮುಗಿದ ಕೂಡಲೇ ಚಾರ್ಜರ್‌ಗೆ ಸಿಕ್ಕಿಸಿದರೆ ಕೆಂಪು ದೀಪ ಮಿನುಗುತ್ತದೆ, ಚಾರ್ಜ್ ಆಗುವುದಿಲ್ಲ. ಇದರ ಜೊತೆಗೆ ಸ್ಕ್ರೂಗಳ ತಲೆ ಸವೆದು ಹಾಳಾಗುತ್ತಿದೆ. ದೋಷ ಯಂತ್ರದ್ದೋ, ಬಳಕೆಯದ್ದೋ?
– ಓದುಗರೊಬ್ಬರು, ರಾಯಚೂರು

ಉತ್ತರ: ಬಡಿಗೇರರು ಹೇಳಿದ್ದು ಹಳೆಯ ನಿಕ್ಕೆಲ್ ಕ್ಯಾಡ್ಮಿಯಮ್ ಬ್ಯಾಟರಿಗಳಿಗೆ ಸಲ್ಲುವ ಮಾತು. ಆ ಬ್ಯಾಟರಿಗಳನ್ನು ಅರ್ಧ ಬಳಸಿ ಮತ್ತೆ ಮತ್ತೆ ಚಾರ್ಜ್ ಮಾಡುತ್ತಿದ್ದರೆ ಅವುಗಳ ಸಾಮರ್ಥ್ಯ ಕುಗ್ಗಿದಂತಾಗುತ್ತಿತ್ತು. ಆದ್ದರಿಂದಲೇ ಪೂರ್ತಿ ಇಳಿಸುವ ರೂಢಿ ಬೆಳೆಯಿತು. ಒಂದು ವರ್ಷದ ಹಿಂದೆ ಕೊಂಡ ನಿಮ್ಮ ಯಂತ್ರದಲ್ಲಿ ಇರುವುದು ಬಹುಮಟ್ಟಿಗೆ ಲಿಥಿಯಮ್ ಅಯಾನ್ ಬ್ಯಾಟರಿಯೇ. ಬ್ಯಾಟರಿಯ ಮೇಲಿನ ಚೀಟಿಯನ್ನು ಒಮ್ಮೆ ಓದಿ ಖಚಿತಪಡಿಸಿಕೊಳ್ಳಿ. ಲಿಥಿಯಮ್ ಬ್ಯಾಟರಿಗೆ ಈ ರೂಢಿಯಿಂದ ಲಾಭವಿಲ್ಲ, ಹಾನಿಯೇ ಹೆಚ್ಚು.

18 ವೋಲ್ಟ್‌ನ ಬ್ಯಾಟರಿಯೊಳಗೆ ತಲಾ 3.6 ವೋಲ್ಟ್‌ನ ಐದು ಸೆಲ್‌ಗಳು ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಪೂರ್ತಿ ಚಾರ್ಜ್ ಆದಾಗ ಪ್ರತಿ ಸೆಲ್ 4.2 ವೋಲ್ಟ್‌ಗೆ ಏರುವುದರಿಂದ ಒಟ್ಟು 21 ವೋಲ್ಟ್ ಆಗುತ್ತದೆ. (ಕೆಲವು ಪೆಟ್ಟಿಗೆಗಳ ಮೇಲೆ 20 ಅಥವಾ 21 ವೋಲ್ಟ್ ಎಂದು ದೊಡ್ಡದಾಗಿ ಅಚ್ಚಾಗಿರುವುದು ಸಾಮಾನ್ಯವಾಗಿ ಇದೇ ಐದು ಸೆಲ್‌ಗಳ ಬ್ಯಾಟರಿ, ಹೆಚ್ಚಿನ ಶಕ್ತಿಯೆಂದು ಭ್ರಮಿಸಿ ಹೆಚ್ಚಿನ ಬೆಲೆ ತೆರಬೇಕಾಗಿಲ್ಲ.) ಸೆಲ್‌ನ ವೋಲ್ಟೇಜ್ ಸುಮಾರು 2.5ಕ್ಕಿಂತ ಕೆಳಗಿಳಿದರೆ ಒಳಗಿನ ರಚನೆಗೆ ಶಾಶ್ವತ ಹಾನಿಯಾಗುತ್ತದೆ. ಅದನ್ನು ತಡೆಯುವ ಸರ್ಕ್ಯೂಟ್ ಇದ್ದರೂ, ಯಂತ್ರ ತಾನಾಗಿ ನಿಂತ ಮೇಲೆ ಟ್ರಿಗರ್ ಅನ್ನು ಮತ್ತೆ ಮತ್ತೆ ಒತ್ತಿ ಉಳಿದದ್ದನ್ನು ಹಿಂಡುವುದು, ಖಾಲಿ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಇಡುವುದು ಎರಡೂ ತಪ್ಪು. ವೇಗ ತಗ್ಗಿದ್ದು ಕೈಗೆ ತಿಳಿದೊಡನೆ ಚಾರ್ಜ್‌ಗೆ ಹಾಕಿ. ಅರ್ಧದಲ್ಲಿ ಹಾಕಿದರೂ, ನಡುವೆ ಕರೆಂಟ್ ಹೋಗಿ ಬಂದರೂ ಇದಕ್ಕೆ ತೊಂದರೆಯಿಲ್ಲ. ಒಳ್ಳೆಯ ಚಾರ್ಜರ್ ಬ್ಯಾಟರಿ ತುಂಬಿದಾಗ ತಾನೇ ನಿಲ್ಲಿಸುತ್ತದೆಯಾದರೂ, ರಾತ್ರಿಯಿಡೀ ಅದರಲ್ಲೇ ಬಿಡುವ ಅಗತ್ಯವಿಲ್ಲ.

ಇನ್ನು ಕೆಂಪು ದೀಪ. ನಿಮ್ಮ ಊರಿನಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಬ್ಯಾಟರಿಯ ಉಷ್ಣತೆ ಸುಮಾರು 40ರಿಂದ 50 ಡಿಗ್ರಿಗಿಂತ ಹೆಚ್ಚಿದ್ದರೆ ಬಹುತೇಕ ಚಾರ್ಜರ್‌ಗಳು ಚಾರ್ಜ್ ಮಾಡಲು ಒಪ್ಪುವುದಿಲ್ಲ. ಕೆಲಸದಿಂದ ಆಗಷ್ಟೇ ಬಂದ ಬ್ಯಾಟರಿಯಂತೂ ಹೊರಗಿನ ಗಾಳಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಆದ್ದರಿಂದ ಆ ದೀಪ ದೋಷವನ್ನಲ್ಲ, ಎಚ್ಚರಿಕೆಯನ್ನು ಸೂಚಿಸುತ್ತಿರುವ ಸಾಧ್ಯತೆಯೇ ಹೆಚ್ಚು. ಮಿನುಗುವ ಬಗೆಯ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಚಾರ್ಜರ್ ಮೇಲಿನ ಚಿತ್ರಸೂಚಿಯನ್ನು ನೋಡಿ. ಬ್ಯಾಟರಿಯನ್ನು ಫ್ಯಾನಿನ ಕೆಳಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಇಟ್ಟು, ಮುಟ್ಟಿದರೆ ಬಿಸಿಯೆನಿಸದಂತಾದ ಮೇಲೆ ಚಾರ್ಜ್ ಮಾಡಿ. ಬೆಳಗಿನ ಜಾವ ಮಾಡುವುದು ಇನ್ನೂ ಒಳ್ಳೆಯದು. ಬೇಗ ತಣಿಯಲೆಂದು ಫ್ರಿಜ್‌ನಲ್ಲಿ ಇಡಬೇಡಿ, ಹೊರತೆಗೆದಾಗ ಒಳಗೆ ತೇವ ಕೂರುತ್ತದೆ. ರಾತ್ರಿಯೆಲ್ಲ ತಣಿದ ಬ್ಯಾಟರಿಗೂ ದೀಪ ಹಾಗೆಯೇ ಮಿನುಗಿದರೆ ಲೋಹದ ಸಂಪರ್ಕಪಟ್ಟಿಗಳನ್ನು ಒಣಬಟ್ಟೆಯಿಂದ ಒರೆಸಿ ನೋಡಿ, ಅದರಿಂದಲೂ ಸರಿಹೋಗದಿದ್ದರೆ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಜನರೇಟರ್‌ನಿಂದ ಚಾರ್ಜ್ ಮಾಡಬಾರದೆಂದು ಕೆಲವು ತಯಾರಕರು ಕೈಪಿಡಿಯಲ್ಲೇ ಬರೆದಿರುವುದನ್ನೂ ಗಮನಿಸಿ.

ಸ್ಕ್ರೂ ತಲೆ ಸವೆಯುವುದು ಬೇರೆಯೇ ತೊಂದರೆಯೆಂದು ನೀವು ಭಾವಿಸಿದ್ದೀರಿ, ಆದರೆ ಅದಕ್ಕೂ ಬ್ಯಾಟರಿ ಬಿಸಿಯಾಗುವುದಕ್ಕೂ ನೇರ ನಂಟಿದೆ. ಮೋಟಾರು ತಿರುಗಲಾರದೆ ಸಿಕ್ಕಿಕೊಂಡು ನಿಂತ ಕ್ಷಣದಲ್ಲೇ ಅದು ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ. ಸೆಲ್‌ಗಳು ಕಾಯುವುದು ಆಗಲೇ. ತೇಗ ಅಥವಾ ಮತ್ತಿಯಂತಹ ಗಟ್ಟಿ ಮರಕ್ಕೆ ಮುಂಚಿತವಾಗಿ ರಂಧ್ರ ಕೊರೆಯದೆ ಸ್ಕ್ರೂ ನುಗ್ಗಿಸಿದರೆ ಆಗುವುದು ಇದೇ. 4 ಮಿ.ಮೀ. ಸ್ಕ್ರೂಗೆ ಗಟ್ಟಿ ಮರದಲ್ಲಿ ಸುಮಾರು 3 ಮಿ.ಮೀ. ರಂಧ್ರ ಮೊದಲೇ ಕೊರೆದುಕೊಳ್ಳಿ, ಸ್ಕ್ರೂವಿನ ಎಳೆಗಳಿಗೆ ಸ್ವಲ್ಪ ಮೇಣ ಸವರಿದರೆ ಇನ್ನೂ ಸಲೀಸು. ಯಂತ್ರದ ಮೇಲಿನ ಗೇರ್ ಗುಂಡಿಯನ್ನು 1ರಲ್ಲಿ ಇಡಿ: ವೇಗ ಕಡಿಮೆ, ತಿರುಚುಬಲ ಹೆಚ್ಚು. 2 ಇರುವುದು ರಂಧ್ರ ಕೊರೆಯಲು. ಗೇರ್ ಬದಲಿಸುವಾಗ ಮೋಟಾರು ಸಂಪೂರ್ಣ ನಿಂತಿರಬೇಕು.

ಮುಂಭಾಗದಲ್ಲಿ ಸಂಖ್ಯೆಗಳಿರುವ ಉಂಗುರವೇ ಕ್ಲಚ್. ನಾನು ಕಂಡಂತೆ ಹೆಚ್ಚಿನವರು ಅದನ್ನು ಡ್ರಿಲ್ ಚಿತ್ರದ ಮೇಲೆ ನಿಲ್ಲಿಸಿ ಮರೆತುಬಿಡುತ್ತಾರೆ. ಆ ಸ್ಥಾನದಲ್ಲಿ ಕ್ಲಚ್ ಕೆಲಸ ಮಾಡುವುದಿಲ್ಲ. ಸ್ಕ್ರೂ ಕುಳಿತ ಮೇಲೂ ಯಂತ್ರ ತಿರುಗಿಸುತ್ತಲೇ ಇದ್ದು ತಲೆಯನ್ನೋ ಪ್ಲೈವುಡ್ಡನ್ನೋ ಕಿತ್ತುಹಾಕುತ್ತದೆ. ಸಣ್ಣ ಸಂಖ್ಯೆಯಿಂದ ಆರಂಭಿಸಿ, ಸ್ಕ್ರೂ ತಲೆ ಮರದ ಮಟ್ಟಕ್ಕೆ ಬಂದಾಗ ಟರ್ರೆಂದು ಕ್ಲಚ್ ಬಿಡುವಂತಾಗುವವರೆಗೆ ಒಂದೊಂದೇ ಏರಿಸಿ. ಸ್ಕ್ರೂ ತಲೆಯೊಳಗೆ ಕೂರುವ ತುದಿ, ಅಂದರೆ ಬಿಟ್ ಕೂಡ ಸರಿಯಾದದ್ದೇ ಇರಬೇಕು: ಮಾಮೂಲಿ ಮರದ ಸ್ಟಾರ್ (ತಲೆಯಲ್ಲಿ ಪ್ಲಸ್ ಗುರುತಿನ ಗಾಡಿ ಇರುವ) ಸ್ಕ್ರೂಗಳಿಗೆ ಹೆಚ್ಚಾಗಿ ಹೊಂದುವುದು 2ನೇ ಅಳತೆಯ ಬಿಟ್. ಮೂಲೆ ಸವೆದ ಬಿಟ್ಟನ್ನು ಉಳಿಸಿಕೊಳ್ಳುವುದು ಸುಳ್ಳು ಉಳಿತಾಯ. ಯಂತ್ರವನ್ನು ಸ್ಕ್ರೂವಿನ ನೇರಕ್ಕೆ ಹಿಡಿದು ಹಿಂದಿನಿಂದ ಒತ್ತಿ, ಟ್ರಿಗರ್ ಅನ್ನು ನಿಧಾನವಾಗಿ ಎಳೆಯಿರಿ.

ಈಗಾಗಲೇ ಕಳೆದುಹೋದ ಸಾಮರ್ಥ್ಯ ಮರಳುವುದಿಲ್ಲ. ಹೊಸ ಬ್ಯಾಟರಿ ಕೊಳ್ಳುವುದಾದರೆ ಅದೇ ಕಂಪನಿಯ 4 ಆಂಪಿಯರ್ ಗಂಟೆಯ (Ah, ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿಯನ್ನು ನೋಡಿ. ಅದರಲ್ಲಿ ಸಾಮಾನ್ಯವಾಗಿ ಹತ್ತು ಸೆಲ್‌ಗಳು ಜೋಡಿ ಜೋಡಿಯಾಗಿ ಹೊರೆ ಹಂಚಿಕೊಳ್ಳುವುದರಿಂದ ಬಿಸಿಯಾಗುವುದು ಕಡಿಮೆ, ತೂಕ ಮಾತ್ರ ಸ್ವಲ್ಪ ಹೆಚ್ಚು. ಹೆಚ್ಚು ದಿನ ಬಳಸದಿದ್ದಾಗ ಸುಮಾರು ಅರ್ಧ ಚಾರ್ಜ್‌ನಲ್ಲಿ, ಯಂತ್ರದಿಂದ ಬೇರ್ಪಡಿಸಿ, ತಂಪಾದ ಕೋಣೆಯಲ್ಲಿಡಿ. ಬಿಡಿ ಸ್ಕ್ರೂಗಳ ಜೊತೆ ಒಂದೇ ಚೀಲಕ್ಕೆ ಹಾಕಿದರೆ ಶಾರ್ಟ್ ಆಗಬಹುದು. ಹಳೆಯದು ಉಬ್ಬಿದ್ದರೆ ಮತ್ತೆ ಚಾರ್ಜ್ ಮಾಡಲೇಬೇಡಿ. ಅದರ ತುದಿಗಳಿಗೆ ಟೇಪ್ ಅಂಟಿಸಿ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.